ಹಾಜಿ ಶಾಕಿರರ ತಮ್ಮ

೧೪ ಜೂನ್ ೨೦೦೬, ಬುಧವಾರ

ಇವತ್ತು ನನ್ನ ಗಂಡನಿಗೆ ಹೊಸ ಹೆಸರಿಟ್ಟೆವು. ನಲವತ್ತೊಂಬತ್ತು ವರ್ಷ ಅಬ್ದುಲ್ ಅಮೀರ್ ಆಗಿ ಬದುಕಿದವರು ಇನ್ನು ಮನೆಯ ಗೇಟು ದಾಟಿದರೆ ಮರ್ವಾನ್. ಅಬ್ದುಲ್ ಅಮೀರ್ ಅಂದರೆ ಶಿಯಾ ಎಂದು ಬಾಗ್ದಾದಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಮೊದಲು ಅದು ಬರೀ ಹೆಸರಾಗಿತ್ತು. ಸರ್ಕಾರ ಉರುಳಿ ಮೂರು ವರ್ಷವಾಯಿತು, ಈಗ ರಸ್ತೆಯಲ್ಲಿ ತಡೆದು ಗುರುತಿನ ಚೀಟಿ ಕೇಳುವವರಿಗೆ ಆ ಹೆಸರೊಂದೇ ಸಾಕು. ಇವರ ಕೆಲಸವೋ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವುದು. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಸುನ್ನಿಗಳ ಬಡಾವಣೆಗಳಲ್ಲಿದ್ದಾರೆ. ಕಳೆದ ವಾರ ಇವರ ಗೆಳೆಯ ಕರ್ರಾರನನ್ನು ವ್ಯಾನಿನಿಂದ ಇಳಿಸಿಕೊಂಡು ಹೋದರು. ಆಮೇಲೆ ಇವರು ಎರಡು ದಿನ ಮನೆಯಲ್ಲೇ ಕೂತು, ಮೂರನೇ ದಿನ ಹೋಗಿ ಸುಳ್ಳು ಚೀಟಿ ಮಾಡಿಸಿಕೊಂಡು ಬಂದರು.

ಹೆಸರು ಕೊಟ್ಟವರು ಗೋಡೆಯಾಚೆಯ ಹಾಜಿ ಶಾಕಿರ್. ಅವರು ಸುನ್ನಿ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಅವರಿಗೆ ಮರ್ವಾನ್ ಎಂಬ ತಮ್ಮನಿದ್ದ, ಕಾಮಾಲೆಯಿಂದ ತೀರಿಕೊಂಡು ಹದಿನೇಳು ವರ್ಷವಾಯಿತು. "ಬರೀ ಹೆಸರು ಇಟ್ಕೊಂಡ್ರೆ ಆಗಲ್ಲಪ್ಪ. ಅಜ್ಜ ಯಾರು, ಊರು ಯಾವುದು, ಸೋದರಮಾವ ಏನು ಮಾಡ್ತಿದ್ದ, ಎಲ್ಲಾ ಕೇಳ್ತಾರೆ. ನನ್ನ ತಮ್ಮನ್ನೇ ತಗೋ. ಅವನದೆಲ್ಲಾ ನಂಗೆ ಬಾಯಿಪಾಠ," ಅಂದರಂತೆ. ಸಂಜೆ ನಮ್ಮ ಅಡುಗೆಮನೆಯಲ್ಲೇ ಪಾಠ ಶುರುವಾಯಿತು.

"ಕೈ ಹೊಟ್ಟೆ ಮೇಲೆ ಹೀಗೆ ಕಟ್ಟು. ಊಟ ಹೆಚ್ಚಾದವನ ಹಾಗೆ ಹಿಡ್ಕೋಬೇಡ."

"ಹೆಚ್ಚಾಗೋ ಅಷ್ಟು ಇವಳೆಲ್ಲಿ ಬಡಿಸ್ತಾಳೆ ಹಾಜಿ?" ಅಂದರು ಇವರು. ನಾವು ಕೈ ಇಳಿಬಿಟ್ಟು ನಮಾಜು ಮಾಡುವವರು, ಅವರು ಕೈ ಕಟ್ಟುವವರು. ಇಷ್ಟು ವರ್ಷ ಗೋಡೆಯ ಎರಡು ಪಕ್ಕ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ನಿನ್ನ ತಾಯಿ ಹೆಸರು?"

"ಫಖ್ರಿಯಾ."

"ತೀರಿಹೋದದ್ದು ಯಾತರಿಂದ?"

"ಹಿರೀಮಗ ಶಾಕಿರನ ಕಾಟದಿಂದ."

ಹಾಜಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರ ಹೆಂಡತಿ ವಲೀದನ ಅಮ್ಮ ಕೂಡ ನಕ್ಕಳು. ನನ್ನ ಮಗಳು ರಬಾಬ್ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ನಾನು ಮೊದಲಿನಿಂದಲೂ ಹೆದರುಪುಕ್ಕಲಿ, ಹಲ್ಲಿ ಬಿದ್ದರೂ ಎದೆ ಹಿಡಿದುಕೊಳ್ಳುವವಳು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ, ಬಾಯಿ ಬಿಟ್ಟು ಹೇಳಿದರೆ ಮನೆಯವರಿಗೂ ಅಂಟುತ್ತದೆ.

ಒಂದು ಮಾತು ನೆನಪಿಡಬೇಕು. ಈ ಚೀಟಿಯ ವಿಷಯ ನನ್ನ ತಮ್ಮ ಸಾದಿಕನ ಕಿವಿಗೆ ಬೀಳಕೂಡದು. ಅವನು ಈಗ ದೊಡ್ಡ ರಸ್ತೆಯ ಆಚೆ ಕಪ್ಪಂಗಿಯವರ ಜೊತೆ ಓಡಾಡುತ್ತಾನೆ. ಅವರು ಬಂದೂಕು ಹಿಡಿದು ನಮ್ಮ ಶಿಯಾಗಳನ್ನು ಕಾಯುತ್ತೇವೆ ಅನ್ನುವ ಹುಡುಗರು, ನಿಜ. ಆದರೂ ಭಾವ ಸುನ್ನಿ ಹೆಸರಿಟ್ಟುಕೊಂಡು ಕೈ ಕಟ್ಟುವುದನ್ನು ಕಲಿತ ಅಂದರೆ ಅವನು ಮನೆಗೆ ಕಾಲಿಡುವುದಿಲ್ಲ.

೨೦ ಜೂನ್, ಮಂಗಳವಾರ

ಬೆನ್ನ ಹಿಂದಿನಿಂದ ಇದ್ದಕ್ಕಿದ್ದ ಹಾಗೆ "ಮರ್ವಾನ್" ಎಂದು ಕೂಗುತ್ತೇನೆ. ಇವರು ತಿರುಗುವುದೇ ಇಲ್ಲ. ನಾಲ್ಕನೇ ಸಲ ಒದ್ದೆ ಬಟ್ಟೆಯಿಂದ ಬೆನ್ನಿಗೆ ಬಾರಿಸಿದೆ.

"ಏನೇ ಇದು, ಮೈದುನನ್ನ ಹೊಡೀತಾರಾ?"

"ಮೈದುನ ಯಾಕೆ?"

"ಹಾಜಿ ನಿನಗೆ ಅಣ್ಣನ ಹಾಗೆ. ಹಾಜಿ ತಮ್ಮ ನಿನಗೆ ಏನಾಗ್ಬೇಕು ಲೆಕ್ಕ ಹಾಕು." ನನಗೆ ಈ ಲೆಕ್ಕ ಬಗೆಹರಿಯಲಿಲ್ಲ. ಇವರಿಗೂ ಬಗೆಹರಿದಿರಲಿಲ್ಲ, ನನ್ನ ಬಾಯಿ ಮುಚ್ಚಿಸಲು ಹೇಳಿದ್ದು ಅಷ್ಟೇ.

ಇನ್ನೊಂದು ಕಷ್ಟ ಪಾದದ್ದು. ನಮಾಜಿಗೆ ಮುಂಚೆ ನಾವು ಪಾದಕ್ಕೆ ಒದ್ದೆ ಕೈ ಸವರುತ್ತೇವೆ, ಅವರು ಪೂರ್ತಿ ತೊಳೆಯುತ್ತಾರೆ. ತಡೆದವರು ನೀರು ಕೊಟ್ಟು ನಮಾಜು ಮಾಡಿ ತೋರಿಸು ಅಂದರೆ ಅಭ್ಯಾಸಬಲದಿಂದ ಸವರಿಬಿಟ್ಟರೆ? ಬೆಳಿಗ್ಗೆಯಿಂದ ಮೂರು ಸಲ ಪಾದ ತೊಳೆಸಿದೆ. ಟ್ಯಾಂಕಿನಲ್ಲಿ ನೀರು ತಳ ಕಂಡಿತು. ಪೇಟೆ ಕಡೆಯಿಂದ ದೊಡ್ಡ ಸದ್ದು ಬಂತು, ಕಿಟಕಿ ಅದುರಿತು. ಇವರು ಮಾತ್ರ ಬೆರಳ ಸಂದಿಯಲ್ಲಿ ನೀರು ಬಿಡುತ್ತಾ ಕೂತಿದ್ದರು.

ಎರಡು ಚೀಟಿ ಒಟ್ಟಿಗೆ ಸಿಕ್ಕರೆ ಯಾವ ಕಡೆಯವರಾದರೂ ಬಿಡುವುದಿಲ್ಲ. ಆದ್ದರಿಂದ ಒಂದು ಯಾವಾಗಲೂ ಮನೆಯಲ್ಲಿರಬೇಕು ಎಂದು ಒಪ್ಪಿಕೊಂಡಿದ್ದೇವೆ. ನನ್ನ ದಾರದುಂಡೆಗಳ ಡಬ್ಬಿ ಅದರ ಜಾಗ. ಸುನ್ನಿಗಳ ಕಡೆ ಹೋಗುವ ದಿನ ಅಬ್ದುಲ್ ಅಮೀರ್ ಡಬ್ಬಿಯಲ್ಲಿ, ನಮ್ಮವರ ಕಡೆ ಹೋಗುವ ದಿನ ಮರ್ವಾನ್ ಡಬ್ಬಿಯಲ್ಲಿ.

೨ ಜುಲೈ, ಭಾನುವಾರ

ನಿನ್ನೆ ಬೆಳಿಗ್ಗೆ ಎಂಟಕ್ಕೆ ಹೋದವರು ಬಂದಿಲ್ಲ.

೩ ಜುಲೈ, ಸೋಮವಾರ

ಇವರ ಫೋನು ಸತ್ತಿದೆ. ಡಬ್ಬಿ ತೆರೆದು ನೋಡಿದೆ. ಅಬ್ದುಲ್ ಅಮೀರ್ ಅಲ್ಲೇ ಇದ್ದಾರೆ, ಹತ್ತು ವರ್ಷ ಹಿಂದಿನ ಫೋಟೋದಲ್ಲಿ, ದಪ್ಪ ಮೀಸೆ. ಹೋಗಬೇಕಾಗಿದ್ದ ಮನೆಯ ಹೆಂಗಸಿಗೆ ಫೋನು ಮಾಡಿದೆ. ಶನಿವಾರ ಹನ್ನೊಂದಕ್ಕೆ ಯಂತ್ರ ಸರಿಮಾಡಿ, ಟೀ ಕುಡಿದು ಹೊರಟರಂತೆ. ಸೇತುವೆ ಮುಚ್ಚಿದ್ದರಿಂದ ಸುತ್ತು ದಾರಿಯಲ್ಲಿ ಹೋಗುತ್ತೇನೆ ಅಂದರಂತೆ.

ಸಾದಿಕ್ ಬಂದ. ನನ್ನನ್ನು ತಬ್ಬಿಕೊಂಡು ಅತ್ತ. ಅವನು ಒರಟ, ಆದರೆ ನನ್ನ ಕೈಯಲ್ಲೇ ಬೆಳೆದವನು. ಮಧ್ಯಾಹ್ನ ಶವಾಗಾರಕ್ಕೆ ಹೋಗಿ ಬಂದ. ಬಾಗಿಲಲ್ಲಿ ಅವನ ಮುಖ ನೋಡುವ ತನಕ ನಾನು ಉಸಿರಾಡಿದೆನೋ ಇಲ್ಲವೋ ಗೊತ್ತಿಲ್ಲ.

"ಇಲ್ಲ ಅಕ್ಕಾ. ಗುರುತು ಸಿಗದವರ ಫೋಟೋ ತೋರಿಸ್ತಾರೆ, ಎಲ್ಲಾ ನೋಡ್ದೆ. ಜೇಬಲ್ಲಿ ಚೀಟಿ ಇದ್ದವರದು ಹೆಸರಿನ ಪಟ್ಟಿ. ಅಬ್ದುಲ್ ಅಮೀರ್ ಅಂತ ಇಬ್ಬರಿದ್ರು, ಇಬ್ಬರೂ ಬೇರೆಯವರು."

ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಬದುಕಿದ್ದಾರೆ. ಎಲ್ಲೋ ಕೂಡಿಹಾಕಿದ್ದಾರೆ. ಫೋನು ಬರುತ್ತದೆ, ಏನಾದರೂ ಕೇಳುತ್ತಾರೆ, ಕೊಟ್ಟು ಬಿಡಿಸಿಕೊಂಡರಾಯಿತು. ಈ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

೭ ಜುಲೈ, ಶುಕ್ರವಾರ

ಫೋನು ಬರಲಿಲ್ಲ. ಕರೆಂಟು ಒಂದು ಗಂಟೆ ಬಂದು ಹೋಯಿತು. ನಾನೂ ರಬಾಬಳೂ ಕಿಟಕಿಯಿಲ್ಲದ ನಡುಮನೆಯಲ್ಲೇ ಹಗಲು ಕಳೆಯುತ್ತೇವೆ. ಯಾವ ಕಾರು ಬೀದಿಗೆ ಬಂದರೂ ಅದು ನಿಲ್ಲುತ್ತದೋ ಮುಂದೆ ಹೋಗುತ್ತದೋ ಎಂದು ಕಿವಿ ಅಲ್ಲೇ ಇರುತ್ತದೆ.

ಹಾಜಿ ಬಂದಿದ್ದರು. ಕೂರಲಿಲ್ಲ. "ಯಾವ ದಾರೀಲಿ ಹೋದ್ನಮ್ಮ? ಸೇತುವೆ ದಾಟಿದ್ನಾ? ಯಾವ ಶರ್ಟು ಹಾಕಿದ್ದ?" ಎಂದು ಒಂದೇ ಸಮ ಕೇಳಿದರು. ದಾರಿಯದ್ದು ಹೇಳಿದೆ. ಶರ್ಟಿನ ಮಾತು ಬಂದಾಗ ಒಳಗೆ ಎದ್ದುಹೋದೆ. ವಲೀದನ ಅಮ್ಮ ಗೋಡೆಯ ಮೇಲಿಂದ ಬೆಂಡೆಕಾಯಿ ಸಾರು, ಅನ್ನ ಕೊಟ್ಟಳು. ರಬಾಬ್ ಉಂಡಳು.

೧೨ ಜುಲೈ, ಬುಧವಾರ

ಸಾದಿಕ್ ಎರಡನೇ ಸಲ ಶವಾಗಾರಕ್ಕೆ ಹೋಗಿ ಬಂದ. ಇಲ್ಲ. ನಾನು ಅವನ ಕೈಗೆ ಮುತ್ತಿಟ್ಟೆ.

ಅವನು ಹೋದ ಮೇಲೆ ರಬಾಬ್ ಮೆಲ್ಲಗೆ ಹತ್ತಿರ ಬಂದು ಕೂತಳು. "ಅಮ್ಮಾ, ಅಪ್ಪನ ಹತ್ರ ಆವತ್ತು ಇದ್ದಿದ್ದು ಇನ್ನೊಂದು ಚೀಟಿ ಅಲ್ವಾ? ಆ ಹೆಸರಲ್ಲಿ ಯಾರಾದ್ರೂ ಕೇಳಿದ್ರಾ?"

ಕೈ ತನ್ನಷ್ಟಕ್ಕೇ ಎದ್ದಿತು. ಹದಿನಾರು ವರ್ಷದಲ್ಲಿ ಅವಳನ್ನು ಹೊಡೆದದ್ದು ಇದೇ ಮೊದಲು. "ಸತ್ತವರ ಪಟ್ಟೀಲಿ ನಿಮ್ಮಪ್ಪನ್ನ ಹುಡುಕೋಕೆ ಇನ್ನೊಂದು ಹೆಸರು ಬೇರೆ ಕೊಡ್ತೀಯಾ?" ಅಂದೆ. ಆ ಹೆಸರು ಬದುಕಿ ಬರಲಿ ಎಂದು ಇಟ್ಟದ್ದು. ಅದನ್ನು ಅಂಥ ಜಾಗದಲ್ಲಿ ಬಾಯಿಗೆ ತರುವುದು ನನ್ನಿಂದಾಗದು. ಸಾದಿಕನಿಗೆ ಹೇಳುವ ಹಾಗೂ ಇಲ್ಲ.

ಅವಳು ಅಳಲಿಲ್ಲ. ಎದ್ದು ಹೋಗಿ ಹಿತ್ತಲಿನಲ್ಲಿ ಕೂತಳು.

೧೬ ಜುಲೈ, ಭಾನುವಾರ

ಬಟ್ಟೆ ಹೊಲಿಯಲು ಕೂತೆ. ಶಾಲೆ ತೆರೆಯುತ್ತದೋ ಇಲ್ಲವೋ, ಯೂನಿಫಾರಂ ಹೊಲಿಯಲು ಕೊಟ್ಟವರು ಕೊಟ್ಟಿದ್ದಾರೆ. ಸೂಜಿ ಎರಡು ಸಲ ಮುರಿಯಿತು. ಹೊಲಿಯುವಾಗ ತಲೆ ಬೇಡದ ಕಡೆ ಹೋಗುತ್ತದೆ.

ಇವರ ಹತ್ತಿರ ಇದ್ದದ್ದು ಸುಳ್ಳು ಚೀಟಿ ಎಂದು ಯಾರಿಗೆ ಗೊತ್ತಿತ್ತು? ನನಗೆ. ರಬಾಬಳಿಗೆ. ಮಾಡಿಕೊಟ್ಟವನಿಗೆ, ಅವನಿಗೆ ನಮ್ಮ ಮನೆ ಎಲ್ಲಿದೆ ಎಂದೇ ಗೊತ್ತಿಲ್ಲ. ಮತ್ತೆ ಗೋಡೆಯಾಚೆಯವರಿಗೆ. ಯಾವ ದಿನ ಯಾವ ಕಡೆ ಹೋಗುತ್ತಾರೆ ಎಂದೂ ಹಾಜಿಗೆ ಗೊತ್ತಿರುತ್ತಿತ್ತು, ದಿನಾ ಬೆಳಿಗ್ಗೆ ಗೇಟಿನಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಹಾಗಿದ್ದ ಮೇಲೆ ಆವತ್ತು ಬಂದು ದಾರಿ ಯಾವುದು ಎಂದು ನನ್ನನ್ನು ಕೇಳಿದ್ದು ಯಾಕೆ? ತನಗೆ ಗೊತ್ತಿಲ್ಲ ಎಂದು ತೋರಿಸಿಕೊಳ್ಳಲೇ? ಅವರ ಮಗ ವಲೀದ್ ಡಮಾಸ್ಕಸ್ಸಿನಲ್ಲಿದ್ದಾನೆ ಅನ್ನುತ್ತಾರೆ. ಇದ್ದಾನೋ, ಅಥವಾ ರಸ್ತೆ ತಡೆಯುವವರ ಜೊತೆ ಇಲ್ಲೇ ಎಲ್ಲೋ ಇದ್ದಾನೋ, ಕಂಡವರು ಯಾರು? ಈಚೆಗೆ ಹಾಜಿ ಎದುರಾದರೆ ನೆಲ ನೋಡುತ್ತಾರೆ.

ಇಪ್ಪತ್ತೆರಡು ವರ್ಷ ಒಟ್ಟಿಗಿದ್ದವರ ಬಗ್ಗೆ ಹೀಗೆ ಯೋಚಿಸುವುದು ಪಾಪ ಎಂದು ಗೊತ್ತು. ಆದರೆ ಕರ್ರಾರನ ಹೆಂಡತಿಯೂ ಹೀಗೇ ಅಂದುಕೊಂಡಿದ್ದಳು. ಅವನನ್ನು ತೋರಿಸಿಕೊಟ್ಟವನು ಅವನಿಗೆ ಐದು ವರ್ಷ ಚಹಾ ಕೊಡುತ್ತಿದ್ದವನು.

ವಲೀದನ ಅಮ್ಮನ ಪಾತ್ರೆ ಹೋದ ವಾರದಿಂದ ಇಲ್ಲೇ ಇತ್ತು. ಗೋಡೆಯ ಮೇಲಿಂದ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಹಿಡಿ ಖರ್ಜೂರವಾದರೂ ಹಾಕಬೇಕು. ಇವತ್ತು ತೊಳೆದು, ಒರೆಸಿ, ಖಾಲಿಯೇ ಕೊಟ್ಟೆ. ಅವಳು ಪಾತ್ರೆಯನ್ನೂ ನನ್ನನ್ನೂ ನೋಡಿ ಒಳಗೆ ಹೋದಳು. ತಪ್ಪಿಲ್ಲದಿದ್ದರೆ ಕೇಳುತ್ತಿದ್ದಳು.

೧೯ ಜುಲೈ, ಬುಧವಾರ

ಹಿತ್ತಲಿನ ಬಾಗಿಲು ಅರ್ಧ ತೆರೆದಿತ್ತು. ರಬಾಬ್ ಗೋಡೆಗೆ ಒತ್ತಿ ನಿಂತು ಹಾಜಿಗೆ ಪಿಸುಪಿಸು ಏನೋ ಹೇಳುತ್ತಿದ್ದಳು. ಮಡಿಸಿದ ಕಾಗದವೊಂದು ಅವಳ ಕೈಯಿಂದ ಅವರ ಕೈಗೆ ಹೋಯಿತು. ನನ್ನನ್ನು ಕಂಡು ಹಾಜಿ ತಟ್ಟನೆ ಕೆಳಗಿಳಿದರು.

"ಏನು ಕೊಟ್ಟೆ?"

"ಏನಿಲ್ಲ."

"ಏನು ಬರೆದುಕೊಟ್ಟೆ ಹೇಳು. ಸಾದಿಕ್ ಮಾವನ ವಿಷಯಾನಾ?"

"ನಿನಗೆ ಹೇಳಿದ್ರೆ ಮತ್ತೆ ಹೊಡೀತೀಯ," ಅಂದಳು. ಅವಳನ್ನು ಕೋಣೆಗೆ ನೂಕಿ ಬಾಗಿಲು ಹಾಕಿದೆ. ಗಂಡನಾಯಿತು, ಈಗ ಮಗಳ ಬಾಯಿಂದ ನನ್ನ ತಮ್ಮನ ಸುದ್ದಿ ತೆಗೆಯುತ್ತಿದ್ದಾರೆ.

೨೦ ಜುಲೈ, ಗುರುವಾರ

ಸಾದಿಕ್ ಬಂದಾಗ ತಡೆಯಲಾಗಲಿಲ್ಲ. ಸುನ್ನಿ ಚೀಟಿ ಮಾಡಿಸಿಕೊಂಡಿದ್ದರು ಎಂದು ಹೇಳಿಬಿಟ್ಟೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ, ಸಿಗರೇಟು ಹಚ್ಚಿಕೊಂಡ.

"ಯಾರಿಗೆ ಗೊತ್ತಿತ್ತು?"

"ಪಕ್ಕದ ಮನೆಯವರಿಗೆ."

"ಆ ರೈಲ್ವೆ ಮುದುಕನಿಗಾ?"

"ಅವರೇ ಮಾಡಿಸಿಕೊಳ್ಳೋಕೆ ಹೇಳಿದ್ದು."

"ಅವನೇ ಹೇಳಿದ್ದು," ಅಂದ ಅವನು, ತನಗೇ ಹೇಳಿಕೊಂಡ ಹಾಗೆ. ಚೀಟಿಯಲ್ಲಿ ಯಾವ ಹೆಸರಿತ್ತು ಎಂದು ಕೇಳಲಿಲ್ಲ. ಹಾಜಿ ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಕಾರಿದೆಯಾ, ಜೊತೆಗೆ ಯಾರಿರುತ್ತಾರೆ ಎಂದು ಕೇಳಿದ. ಅವರು ದೂರ ಹೋಗುವುದೇ ಇಲ್ಲ, ಹೋದರೆ ಟ್ಯಾಕ್ಸಿ ಅಂದೆ. "ಹೋದಾಗ ನಂಗೊಂದು ಫೋನು ಮಾಡು ಅಕ್ಕಾ. ಮಾತಾಡಿಸ್ತೀವಿ. ಭಾವ ಎಲ್ಲಿದ್ದಾನೆ ಅಂತ ಅವನ ಬಾಯಿಂದಾನೇ ಬರುತ್ತೆ."

ನಾನು ಯಾರ ಮೇಲೂ ದೂರು ಹೇಳಲಿಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಿದೆ.

೨೨ ಜುಲೈ, ಶನಿವಾರ

ಸಾದಿಕ್ ಇಬ್ಬರು ಆಳುಗಳನ್ನು ಕಳಿಸಿದ್ದ. ಹಿತ್ತಲಿನ ಗೋಡೆಯ ಮೇಲೆ ಸಿಮೆಂಟ್ ಇಟ್ಟಿಗೆಯ ನಾಲ್ಕು ಸಾಲು ಏರಿಸಿದರು. ಈಗ ಆಚೆ ಕಡೆಯ ಬಟ್ಟೆ ಹಗ್ಗ ಕಾಣುವುದಿಲ್ಲ, ತಂದೂರಿನ ಹೊಗೆ ಮಾತ್ರ ಕಾಣುತ್ತದೆ. ಮನೆಯೊಳಗೆ ಸ್ವಲ್ಪ ಕತ್ತಲಾದರೂ ಮನಸ್ಸಿಗೆ ಹಾಯೆನಿಸಿತು. ಮಧ್ಯಾಹ್ನ ಎರಡು ಗಂಟೆ ನಿದ್ದೆ ಬಂತು. ಇವರು ಹೋದ ಮೇಲೆ ಇಷ್ಟು ನಿದ್ದೆ ಇದೇ ಮೊದಲು.

ರಬಾಬ್ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

೨೫ ಜುಲೈ, ಮಂಗಳವಾರ

ಬೆಳಿಗ್ಗೆ ಏಳೂಕಾಲಕ್ಕೆ ಹಾಜಿ ಗೇಟಿಗೆ ಬಂದರು. ಈ ಉರಿಯಲ್ಲಿ ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ನಮ್ಮ ಗೇಟಿನ ಮುಂದೆ ಸ್ವಲ್ಪ ನಿಂತರು. ತಟ್ಟುತ್ತಾರೆ ಅಂದುಕೊಂಡೆ, ತಟ್ಟದೆ ಟ್ಯಾಕ್ಸಿ ಹತ್ತಿದರು. ನಿನ್ನೆಯೂ ಹೀಗೇ ಎಲ್ಲೋ ಹೋಗಿ ಮಧ್ಯಾಹ್ನ ಬಂದಿದ್ದರು. ನಿನ್ನೆ ನನಗೆ ಧೈರ್ಯ ಸಾಲಲಿಲ್ಲ. ಇವತ್ತು ಸಾದಿಕನಿಗೆ ಫೋನು ಮಾಡಿದೆ. ಈಗ ಹೊರಟರು ಅಂದೆ. ಟ್ಯಾಕ್ಸಿಯ ಬಣ್ಣ ಕೇಳಿದ, ಹೇಳಿದೆ.

ಸಂಜೆ ಅವನೇ ಫೋನು ಮಾಡಿದ. "ಆಯ್ತಕ್ಕಾ. ಇನ್ನು ಆ ಗೋಡೆ ಕಡೆಯಿಂದ ನಿಂಗೆ ಹೆದರಿಕೆ ಇಲ್ಲ."

"ಇವರು ಎಲ್ಲಿದ್ದಾರಂತೆ?"

"ಅದಿನ್ನೂ ಬರಬೇಕು. ನೀನು ಊಟ ಮಾಡು ಮೊದಲು."

ಅನ್ನ ಮಾಡಿದೆ, ಬದನೆಕಾಯಿ ಹುರಿದೆ. ಒಂದು ತಟ್ಟೆ ಪೂರ್ತಿ ಉಂಡೆ. ಎಷ್ಟು ಹಸಿದಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಯಾರಾದರೂ ಮುಂದೆ ನಿಂತು ನಮಗಾಗಿ ಕೆಲಸ ಮಾಡುತ್ತಾರೆ ಅಂದರೆ ಅದೇ ಒಂದು ಬಲ.

೨೭ ಜುಲೈ, ಗುರುವಾರ

ಏರಿಸಿದ ಗೋಡೆಯ ಆಚೆಯಿಂದ ಅಳು ಕೇಳುತ್ತಿದೆ. ನಿನ್ನೆಯಿಂದ ಹೀಗೇ. ನನ್ನ ಅಳು ಇಪ್ಪತ್ತಾರು ದಿನ ಆ ಮನೆಗೂ ಕೇಳಿತ್ತು. ಈಗ ಅವಳಿಗೂ ಗೊತ್ತಾಗುತ್ತದೆ.

ರಬಾಬ್ ಊಟ ಮಾಡಲಿಲ್ಲ.

೨೮ ಜುಲೈ, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಗೆ ಗೇಟು ತಟ್ಟಿದ ಸದ್ದು. ಸಂದಿಯಲ್ಲಿ ನೋಡಿದರೆ ವಲೀದನ ಅಮ್ಮ. ಇಷ್ಟು ವರ್ಷದಲ್ಲಿ ಅವಳು ಗೇಟಿನಿಂದ ಬಂದದ್ದೇ ಕಡಿಮೆ. ತೆರೆಯಬಾರದು ಎಂದುಕೊಳ್ಳುವಷ್ಟರಲ್ಲಿ ರಬಾಬ್ ಓಡಿಹೋಗಿ ತೆರೆದಳು. ವಲೀದನ ಅಮ್ಮ ಅಡುಗೆಮನೆಗೆ ಬಂದು ನೆಲದ ಮೇಲೇ ಕೂತಳು. ಮೂರು ದಿನದಲ್ಲಿ ಮುಖ ಇಳಿದುಹೋಗಿದೆ.

"ಬಲ್ಕೀಸ್, ನಮ್ಮ ಮೇಲೆ ನಿಂಗೆ ಏನೋ ಮುನಿಸಿದೆ ಅಂತ ಗೊತ್ತು. ಅದನ್ನ ಆಮೇಲೆ ಮಾತಾಡೋಣ," ಅಂದಳು. "ಅವರು ನಿಂಗೆ ಹೇಳಬೇಡ ಅಂದಿದ್ರು. ನಾನೀಗ ಹೇಳದೆ ಇರೋಕಾಗಲ್ಲ. ನೀರು ಕೊಡು ಸ್ವಲ್ಪ."

ರಬಾಬ್ ನೀರು ಕೊಟ್ಟಳು.

"ನಿನ್ನ ಮಗಳೇ ಬಂದು ಹೇಳಿದ್ದು, ಅಪ್ಪನ ಹತ್ರ ಮರ್ವಾನ್ ಚೀಟಿ ಇತ್ತು ದೊಡ್ಡಪ್ಪ, ಆ ಹೆಸರಲ್ಲಿ ಯಾರೂ ಕೇಳಿಲ್ಲ ಅಂತ. ಒಂದು ವಾರ ಆದ್ಮೇಲೆ ಯಾವ ಶರ್ಟು, ಯಾವ ಚಪ್ಪಲಿ, ಎಲ್ಲಾ ಬರೆದೂ ಕೊಟ್ಟಳು. ನಮ್ಮ ಗಂಡಸರು ಆ ಶವಾಗಾರದ ಕಡೆ ಹೋಗಲ್ಲ ಬಲ್ಕೀಸ್, ನಿಂಗೂ ಗೊತ್ತು. ಬಾಗಿಲಲ್ಲೇ ಕಪ್ಪಂಗಿಯವರು ಕಾದಿರ್ತಾರೆ, ಹೋದವರು ವಾಪಸ್ ಬರಲ್ಲ. ನಾನು ಕಾಲು ಹಿಡ್ಕೊಂಡೆ, ನಾನೇ ಹೋಗ್ತೀನಿ ಬಿಡಿ ಅಂದೆ. ಹತ್ತು ಹನ್ನೆರಡು ದಿನ ಇವರಿಗೂ ಧೈರ್ಯ ಬರಲಿಲ್ಲ. ನಾಚಿಕೆಯಿಂದ ನಿನ್ನ ಮುಖ ನೋಡೋಕೂ ಆಗ್ತಿರಲಿಲ್ಲ. ಸೋಮವಾರ ಹೋದ್ರು."

ನಾನು ಒಲೆಯ ಕಟ್ಟೆ ಹಿಡಿದುಕೊಂಡೆ.

"ಪಟ್ಟೀಲಿ ಇತ್ತು. ಮರ್ವಾನ್. ಮೊದಲ ದಿನದಿಂದಾನೇ ಇತ್ತಂತೆ. ಬೂದು ಶರ್ಟು, ಕಾಲರಿಗೆ ನಿನ್ನ ಹೊಲಿಗೆ. ನಿಮ್ಮವರ ಕಡೆ ಸಿಕ್ಕಿದ್ದು, ನಮ್ಮವರ ಹೆಸರಲ್ಲಿ. ಸೇತುವೆ ಮುಚ್ಚಿತ್ತಲ್ಲ, ಸುತ್ತು ದಾರೀಲಿ ನಿಮ್ಮವರ ಬಡಾವಣೆ ಮೇಲೆ ಬಂದಿದಾನೆ."

ರಬಾಬ್ ಅಳಲು ಶುರುಮಾಡಿದಳು. ನನಗೆ ಅಳು ಬರಲಿಲ್ಲ. ಇಪ್ಪತ್ತೇಳು ದಿನ. ಒಂದು ಹೆಸರು ಹೇಳಿದ್ದರೆ ಮೂರನೇ ದಿನವೇ ಸಾದಿಕನ ಕೈಗೆ ಸಿಗುತ್ತಿದ್ದರು. ಹೇಳಬೇಡ ಎಂದು ನನಗೆ ನಾನೇ ಅಪ್ಪಣೆ ಮಾಡಿಕೊಂಡಿದ್ದೆ.

ವಲೀದನ ಅಮ್ಮ ನನ್ನ ಸೆರಗು ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಒಡಹುಟ್ಟಿದವನು ಬಂದು ಸಹಿ ಹಾಕಿದ್ರೇನೇ ಹೆಣ ಕೊಡೋದಂತೆ. ಮಂಗಳವಾರ ಹೆಣಕ್ಕೆ ಹೊದಿಸೋ ಕಫನ್ ಬಟ್ಟೆ ತಗೊಂಡು ಹೋದ್ರು. ಬಲ್ಕೀಸ್‌ಗೆ ಈಗಲೇ ಹೇಳಬೇಡ, ತಂದು, ತೊಳೆದು, ನೋಡೋ ಹಾಗೆ ಮಾಡಿ ಆಮೇಲೆ ಕರೆಯೋಣ ಅಂದ್ರು. ನಜಫಿಗೆ ಹೇಗೆ ತಲುಪಿಸೋದು ಅಂತ ಕೂಡ ವಿಚಾರಿಸಿಟ್ಟಿದ್ರು, ನಿಮ್ಮವರನ್ನ ಅಲ್ಲೇ ಮಣ್ಣು ಮಾಡೋದಲ್ವಾ ಅಂತ. ಯಾರು ಏನೇ ಕೇಳಿದ್ರೂ ತಮ್ಮ ಅಂತಲೇ ಹೇಳ್ತೀನಿ, ಸುಳ್ಳು ಚೀಟಿ ಅಂತ ಗೊತ್ತಾದ್ರೆ ಹೆಣ ಬಿಡಲ್ಲ, ಅಂದ್ರು. ಹೋದವರು ಬಂದಿಲ್ಲ. ನಿನ್ನ ತಮ್ಮನಿಗೆ ಆ ಕಡೆ ಜನ ಗೊತ್ತಂತೆ. ಒಂದು ಮಾತು ಕೇಳಮ್ಮ. ಮುದುಕರು, ಸಕ್ಕರೆ ಕಾಯಿಲೆ ಇದೆ, ಹೊಡೆದ್ರೆ ತಡೆಯಲ್ಲ ಅಂತ ಹೇಳು."

ಫೋನು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಾದಿಕ್ ಮೂರನೇ ಸಲಕ್ಕೆ ಎತ್ತಿದ.

"ಹಾಜಿಯನ್ನ ಬಿಟ್ಟುಬಿಡು," ಅಂದೆ. "ಅವರದೇನೂ ತಪ್ಪಿಲ್ಲ. ಈಗಲೇ ಬಿಟ್ಟುಬಿಡು."

"ಅಕ್ಕಾ, ಆ ವಿಷಯ ಮಂಗಳವಾರಾನೇ ಮುಗೀತು. ಆಯ್ತು ಅಂತ ಹೇಳಿದ್ನಲ್ಲ."

"ಮಾತಾಡಿಸ್ತೀನಿ ಅಂದಿದ್ದೆ."

"ನಾನಿರಲಿಲ್ಲ, ಹುಡುಗರು ಮಾತಾಡಿಸಿದ್ರು. ಯಾರನ್ನ ಹಿಡಿದುಕೊಟ್ಟೆ ಹೇಳು ಅಂತ ಎಷ್ಟು ಕೇಳಿದ್ರೂ ಒಂದೇ ಮಾತಂತೆ. ಮರ್ವಾನ್ ನನ್ನ ತಮ್ಮ, ನನ್ನ ತಮ್ಮನ ಹೆಣ ತಗೊಂಡು ಹೋಗೋಕೆ ಬಂದೆ ಅಂತ. ಕೊನೇ ತನಕ ಅದೇ. ಭಾವನ ಹೆಸರು ಅವನ ಬಾಯಿಂದ ಬರಲೇ ಇಲ್ಲ. ಯಾವ ತಮ್ಮನೋ ಏನೋ. ನೀನು ಇನ್ಮೇಲೆ ಫೋನಲ್ಲಿ ಈ ಮಾತು ತೆಗೀಬೇಡ."

ಆ ಮರ್ವಾನ್ ಯಾರೆಂದು ಅವನಿಗೆ ಹೇಳದೆ ಫೋನು ಇಟ್ಟೆ.

ಅಡುಗೆಮನೆಗೆ ಬಂದೆ. ವಲೀದನ ಅಮ್ಮ ಎದ್ದು ನಿಂತಿದ್ದಳು. "ಏನಂದ?"

"ವಿಚಾರಿಸ್ತಾನಂತೆ."

ಅವಳು ಎರಡೂ ಕೈಯಿಂದ ನನ್ನ ಮುಖ ಹಿಡಿದು ಹಣೆಗೆ ಮುತ್ತಿಟ್ಟಳು. ನಾಳೆ ಬೆಳಿಗ್ಗೆ ಶವಾಗಾರಕ್ಕೆ ಹೋಗಬೇಕಂತೆ. ಹೆಂಗಸರನ್ನು ಅಲ್ಲಿ ಏನೂ ಮಾಡುವುದಿಲ್ಲ. ನನ್ನದು ಅಲ್ಲಿನವರಿಗೆ ಒಪ್ಪುವ ಹೆಸರು, ಆದ್ದರಿಂದ ಕಿಟಕಿಯಲ್ಲಿ ನಾನೇ ಮಾತಾಡಬೇಕಂತೆ. "ಮರ್ವಾನ್ ಹೆಸರಲ್ಲಿ ಅಬ್ದುಲ್ ಅಮೀರನ್ನ ಕೇಳು. ಹಾಗೇ ಇವರೂ ಅಲ್ಲಿ ಬಂದಿದ್ರಾ ಅಂತ ಒಂದು ಮಾತು ಕೇಳು," ಅಂದಳು. "ನೀನೊಬ್ಬಳಿದ್ದೀಯಲ್ಲ ಬಲ್ಕೀಸ್, ಇಲ್ಲದಿದ್ರೆ ನಾನು ಯಾರ ಬಾಗಿಲಿಗೆ ಹೋಗಬೇಕಿತ್ತು?"

ಬರುತ್ತೇನೆ ಎಂದಿದ್ದೇನೆ.

೨೯ ಜುಲೈ, ಶನಿವಾರ, ಬೆಳಿಗ್ಗೆ ಆರೂವರೆ

ಏಳಕ್ಕೆ ಹೊರಡಬೇಕು. ವಲೀದನ ಅಮ್ಮ ಆಗಲೇ ಕಪ್ಪು ಅಬಾಯಾ ಹಾಕಿಕೊಂಡು ಗೇಟಿನಲ್ಲಿ ಕಾಯುತ್ತಿದ್ದಾಳೆ. ನನಗೆ ಆ ಜಾಗದ ಹೆದರಿಕೆ ಇಲ್ಲ. ಹೆಣದ ಹೆದರಿಕೆಯೂ ಇಲ್ಲ. ಅವಳ ಜೊತೆ ಒಂದೇ ಟ್ಯಾಕ್ಸಿಯಲ್ಲಿ ಒಂದು ಗಂಟೆ ಕೂರಬೇಕಲ್ಲ, ಅದೇ ಹೆದರಿಕೆ.

ರಬಾಬ್ ಚಹಾ ತಂದು ಮುಂದಿಟ್ಟಳು. ಹತ್ತು ದಿನದ ಮೇಲೆ ಅವಳಾಗಿ ಮಾತಾಡಿದಳು.

"ಅಮ್ಮಾ, ಮಂಗಳವಾರ ಬೆಳಿಗ್ಗೆ ಕಿಟಕಿ ಹತ್ರ ನಿಂತು 'ಈಗ ಹೊರಟರು' ಅಂತ ಯಾರಿಗೆ ಫೋನ್ ಮಾಡಿದೆ?"

ಚಹಾ ಆರುತ್ತಿದೆ. ರಬಾಬ್ ಬಾಗಿಲಲ್ಲೇ ನಿಂತಿದ್ದಾಳೆ, ನಾನು ಬರೆಯುವುದು ಮುಗಿಯಲಿ ಎಂದು.